ಇಬ್ಬರು ಕೃಷ್ಣವೇಣಿಯರು

ಎಜ್‌ವೇರ್, ಲಂಡನ್
೨೬ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಕಾಮಾಕ್ಷಿ ಅಕ್ಕನಿಗೆ,

ನಿನ್ನ ತಂಗಿ ಗಿರಿಜೆಯ ನಮಸ್ಕಾರಗಳು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ದಿನವೂ ಅದನ್ನು ತೆಗೆದು ಓದಿ, ನಾಳೆ ಬರೆದರಾಯಿತು ಎಂದು ಮಡಿಸಿ ಇಡುತ್ತಿದ್ದೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನಗೆ ಕೇಳಿಸುವುದಿಲ್ಲ, ನಿನಗೆ ಕೇಳಿಸುವಂತೆ ಕೂಗಿದರೆ ಇಲ್ಲಿ ಓಣಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಧಾರವಾಡಕ್ಕೂ ನನಗೂ ಕಾಗದವೇ ಗತಿ. ತಡವಾಯಿತೆಂದು ಸಿಟ್ಟಾಗಬೇಡ.

ಮಗ ಅನಿರುದ್ಧ, ಸೊಸೆ ವಂದನಾ ಚೆನ್ನಾಗಿದ್ದಾರೆ. ನನ್ನ ಮೊಣಕಾಲು ಹಾಗೇ ಇದೆ. ಜಿಪಿ ಡಾಕ್ಟರನ ಹತ್ತಿರ ಹೋದರೆ ವಯಸ್ಸಾಯಿತು ಅನ್ನುತ್ತಾನೆ, ಅಷ್ಟು ನನಗೂ ಗೊತ್ತಿತ್ತು. ಇವತ್ತು ಈ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ, ಇನ್ನು ಸಂಜೆ ಐದಕ್ಕೆಲ್ಲ ಕತ್ತಲೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಇದು ಎರಡನೆಯ ಚಳಿಗಾಲ.

ಇಷ್ಟು ದಿನ ಬರೆಯದಿರಲು ಮೊಣಕಾಲೊಂದೇ ಕಾರಣವಲ್ಲ. ಬರುವ ಶನಿವಾರ ಕಿಂಗ್ಸ್‌ಬರಿಯ ಶಾಲೆಯೊಂದರ ಹಾಲಿನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ. ಈ ಸಲ ಪ್ರತಿ ಮನೆಯವರೂ ತಮ್ಮ ವಂಶವೃಕ್ಷ ಬರೆದು ತಂದು ಗೋಡೆಗೆ ಹಾಕಬೇಕಂತೆ. ಇದನ್ನು ಹುಟ್ಟುಹಾಕಿದವರು ಹುಬ್ಬಳ್ಳಿಯ ಡಾಕ್ಟರ್ ಮುರಿಗೆಪ್ಪ, ನಿವೃತ್ತರಾದ ಮೇಲೆ ಅವರಿಗೆ ಬೇರೆ ಕೆಲಸವಿಲ್ಲ. "ಅಕ್ಕಾರ, ನಿಮ್ಮ ಮನಿತನದ್ದು ಭಾರಿ ಇತಿಹಾಸ ಐತ್ರಿ. ನಿಮ್ಮದು ಬರಲಿಲ್ಲಂದ್ರ ಗ್ವಾಡಿ ಬಣಾ ಬಣಾ ಅಂತೈತಿ," ಎಂದು ಮನೆಗೇ ಬಂದು ಹೇಳಿ, ಎರಡು ಸಲ ಚಹಾ ಕುಡಿದು ಹೋದರು. ನಮ್ಮ ಇಂಚರಾ ಒಪ್ಪಿಕೊಂಡುಬಿಟ್ಟಳು. ಅವಳಿಗೀಗ ಹದಿನೇಳು. ಅವಳು ಒಪ್ಪಿಕೊಂಡದ್ದನ್ನು ಮಾಡಬೇಕಾದವಳು ಅಜ್ಜಿ.

ನದಿಮೂಲ, ಋಷಿಮೂಲ ಕೇಳಬಾರದು ಅನ್ನುತ್ತಾರಲ್ಲ, ಗಂಡಸರ ಮೂಲ ಕೇಳಿದರೆ ತೊಂದರೆಯೇನಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು. ಇವರ ಮುತ್ತಜ್ಜ ಕಡಪಾ ಕಡೆಯಿಂದ ಬಳ್ಳಾರಿಗೆ ಬಂದು ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರಾದರು. ಅಜ್ಜ ಬಳ್ಳಾರಿಯಿಂದ ಧಾರವಾಡಕ್ಕೆ ಹೋಗಿ ಮಾಸ್ತರರಾದರು. ಮಾವನವರು ಮುಂಬಯಿಯ ರೈಲ್ವೆ ಸೇರಿದರು. ಇವರು ಅಲ್ಲಿಂದ ಲಂಡನ್ನಿನ ಆಸ್ಪತ್ರೆಯ ಕೆಲಸಕ್ಕೆ ಬಂದರು. ಇಂಚರಾ ನಕ್ಷೆಯ ಮೇಲೆ ಬಾಣ ಹಾಕುತ್ತ ಹೋದಳು, ಎಲ್ಲವೂ ಎಡಕ್ಕೇ ತಿರುಗಿದ್ದವು. "ಎವ್ರಿಬಡಿ ಗೋಸ್ ವೆಸ್ಟ್, ಅಜ್ಜಿ," ಎಂದು ನಕ್ಕಳು. ಮುಂದಿನ ವರ್ಷ ಅವಳು ಓದಲು ಬ್ರಿಸ್ಟಲ್‌ಗೆ ಹೋಗುತ್ತಾಳೆ, ಅದೂ ಪಶ್ಚಿಮಕ್ಕೇ ಇದೆ.

ಹೆಂಗಸರದು ಮಾತ್ರ ಒಂದು ವಾರ ಹಿಡಿಯಿತು. ಬಳ್ಳಾರಿಗೆ ಫೋನು ಮಾಡಿದೆ, ಬೆಂಗಳೂರಿಗೆ ಮಾಡಿದೆ, ಪುಣೆಯಲ್ಲಿರುವ ಇವರ ತಮ್ಮನ ಮಗ ಪ್ರಸಾದನಿಗೆ ಮಾಡಿದೆ. "ದೊಡ್ಡಮ್ಮಾ, ಶ್ರಾದ್ಧದಾಗ ಹೇಳೂ ಹೆಸರಷ್ಟ ನಂಗ ಗೊತ್ತು. ಅವರ ತವರುಮನಿ ಹೆಸರು ಯಾರಿಗೆ ಗೊತ್ತಿರ್ತದ?" ಎಂದ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ಈ ಮನೆಯಲ್ಲಂತೂ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರು, ಅವನ ಹೆಂಡತಿಗೆ ಅಜ್ಜಿಯ ಹೆಸರು. ಇವರು ಅಜ್ಜನಂತೆ ಅಶ್ವತ್ಥನಾರಾಯಣ, ಆದ್ದರಿಂದ ಇವರ ಕೈ ಹಿಡಿದವಳು ಯಾರೇ ಆಗಲಿ ಕೃಷ್ಣವೇಣಿ.

ಅಲ್ಲೇ ಎಡವಟ್ಟಾಯಿತು. ಇವರ ಸೂಟ್‌ಕೇಸಿನಲ್ಲಿ ಇಂಚರಾಗೆ ಹಳೆಯ ಪಾಸ್‌ಪೋರ್ಟ್ ಸಿಕ್ಕಿತು. ೧೯೭೫ರದು, ಹೆಂಡತಿಯ ಹೆಸರು ಕೃಷ್ಣವೇಣಿ. ಅದನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ವಂಶವೃಕ್ಷಕ್ಕೆ ಹಾಕಿದಳು. ಇವರ ಹೆಂಡತಿಯ ಜಾಗದಲ್ಲಿ ಇಬ್ಬರು ಕೃಷ್ಣವೇಣಿಯರಿದ್ದಾರೆ, ಒಬ್ಬರೇ ಇರಬಹುದು, ಸೇರಿಸಲೇ ಎಂದು ಅದು ಕೇಳಿತಂತೆ. ಇವಳು ಹೂಂ ಎಂದು ಒತ್ತಿದಳು. "ಅಜ್ಜಿ, ಯೂ ಕೇಮ್ ಇನ್ ಸೆವೆಂಟಿ ಫೈವ್! ಯಾಕೆ ಹೇಳಲೇ ಇಲ್ಲ?" ಎಂದು ಓಡಿಬಂದಳು.

ನಾನು ಬಂದದ್ದು ಎಂಬತ್ತೆರಡರಲ್ಲಿ. ಎಪ್ಪತ್ತೈದರಲ್ಲಿ ಬಂದ ಕೃಷ್ಣವೇಣಿ ಅನಿರುದ್ಧನನ್ನು ಹೆತ್ತವಳು, ಮಗುವಿಗೆ ಮೂರು ತುಂಬುವ ಮುಂಚೆ ಇದೇ ಊರಿನಲ್ಲಿ ಕಣ್ಣು ಮುಚ್ಚಿದವಳು. ಆಮೇಲೆ ಎರಡು ವರ್ಷಕ್ಕೆ, ಇಪ್ಪತ್ತೇಳಾದರೂ ಗಂಡು ಕೂಡಿಬರದ ನನ್ನನ್ನು ಇವರಿಗೆ ಕೊಟ್ಟಿರಿ. ತಟ್ಟೆಯ ಅಕ್ಕಿಯಲ್ಲಿ ಇವರು ಉಂಗುರದಿಂದ ನನ್ನ ಹೊಸ ಹೆಸರು ಬರೆದಾಗ ನೀನು ಪಕ್ಕದಲ್ಲೇ ಕೂತಿದ್ದೆ. ಎರಡನೆಯ ಸಲ ಬರೆಯುವವರಲ್ಲವೇ, ಕೈ ಎಲ್ಲೂ ತಡೆಯಲಿಲ್ಲ. "ಮನಿ ಹೆಸರು ಮನ್ಯಾಗ ಉಳೀತು," ಎಂದು ಅತ್ತೆಯವರು ಸಮಾಧಾನಪಟ್ಟರು.

ಇಂಚರಾಗೆ ಇದೊಂದೂ ಗೊತ್ತಿರಲಿಲ್ಲ. ಮುಚ್ಚಿಟ್ಟೆವು ಅಂತಲ್ಲ, ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅನಿರುದ್ಧ ಆಫೀಸಿನಿಂದ ಬರಲಿ ಎಂದು ಕಾದೆ. ಅವನು ಅಡುಗೆಮನೆಯ ಬಾಗಿಲಲ್ಲಿ ಕೋಟೂ ತೆಗೆಯದೆ ನಿಂತು ಕೇಳಿಸಿಕೊಂಡ. "ಅಮ್ಮಾ, ಪ್ಲೀಸ್, ಅದು ಹಾಗೇ ಇರ್ಲಿ ಬಿಡು. ಐವತ್ತು ಫ್ಯಾಮಿಲಿ ಎದುರಿಗೆ ಯಾಕೆ ಇದೆಲ್ಲಾ? ನಂಗೆ ನೀನೇ ಅಮ್ಮ," ಎಂದ.

ಸುಳ್ಳು ಯಾಕೆ ಹೇಳಲಿ, ಅಕ್ಕಾ, ಆ ಮಾತು ಕೇಳಿ ಜೀವ ತಂಪಾಯಿತು. ಆ ವಂಶವೃಕ್ಷದ ಪಟ ಹಾಗೇ ಇದ್ದರೆ ನನ್ನ ಚೌಕದಿಂದ ಗೆರೆ ನೇರವಾಗಿ ಅನಿರುದ್ಧನಿಗೆ, ಅವನಿಂದ ಇಂಚರಾಗೆ. ತಿದ್ದಿದರೆ ನನ್ನ ಚೌಕದ ಕೆಳಗೆ ಏನೂ ಇಲ್ಲ. ಅವನಿಗೆ ಸೀತಾಳೆ ಸಿಡುಬು ಬಂದಾಗ ಎದ್ದು ಕೂತವಳು ನಾನು, ಶಾಲೆಗೆ ಓಡಿದವಳು ನಾನು. ಅವನನ್ನು ಹೆತ್ತವಳನ್ನು ಕಂಡವರು ಈ ಊರಿನಲ್ಲಿ ಈಗ ಯಾರೂ ಉಳಿದಿಲ್ಲ. ಎಂಟು ದಿನ ಸುಮ್ಮನಿದ್ದೆ. ಆ ಪಟವನ್ನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ.

ಆಮೇಲೆ ನೀರು ತುಂಬುವ ಹಬ್ಬ ಬಂತು. ನಾಲ್ಕೂ ಕಡೆ ನಲ್ಲಿ ಇರುವ ಮನೆಯಲ್ಲಿ ಯಾವ ನೀರು ತುಂಬುವುದು ಎಂದು ವಂದನಾ ನಗುತ್ತಾಳೆ, ಆದರೂ ನಾನು ಹಿತ್ತಾಳೆಯ ಕೊಡ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕುತ್ತೇನೆ. ಅದು ಆ ಮೊದಲ ಕೃಷ್ಣವೇಣಿಯ ತವರಿನವರು ಕೊಟ್ಟ ಕೊಡ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ್ದಾರೆ: ಚಿ. ಸೌ. ಅಂಬುಜಾ, ೧೯೭೪. ನಲವತ್ತಮೂರು ವರ್ಷದಿಂದ ತಿಕ್ಕಿದ್ದೇನೆ, ಓದಿದ್ದೇನೆ, ಗೊತ್ತಿಲ್ಲದ್ದೇನಲ್ಲ. ಈ ಸಲ ಮಾತ್ರ ಕೈ ಆಡಲಿಲ್ಲ. ಮೂವತ್ತು ತುಂಬದೆ ಹೋದ ಹುಡುಗಿ. ಅವಳ ಅಡುಗೆಮನೆ ತೆಗೆದುಕೊಂಡೆ, ಗಂಡನನ್ನು ತೆಗೆದುಕೊಂಡೆ, ಹೆಸರನ್ನು ತೆಗೆದುಕೊಂಡೆ. ಈಗ ಅವಳು ಹೆತ್ತದ್ದನ್ನೂ ನಾನೇ ಹೆತ್ತೆ ಅಂದರೆ ನನಗೆ ಅನ್ನ ಇಳಿಯುವುದಿಲ್ಲ ಅನಿಸಿತು.

ಅವತ್ತು ಸಂಜೆಯೇ ಇಂಚರಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಕೊಡವನ್ನು ತಿರುಗಿಸಿ ಆ ಚುಕ್ಕೆಗಳನ್ನು ನೋಡಿದಳು. ಆಮೇಲೆ, "ಸೋ ವಾಟ್ಸ್ ಯುವರ್ ನೇಮ್, ಅಜ್ಜಿ?" ಎಂದಳು. ಗಿರಿಜಾ ಎಂದೆ. ಹೇಳುವಾಗ ಬಾಯಿಗೆ ಅದು ಬೇರೆ ಯಾರದೋ ಹೆಸರಿನ ಹಾಗಿತ್ತು.

ಚೌಕ ಎರಡಾಯಿತು. ಅಂಬುಜಾ ಒಂದರಲ್ಲಿ, ಗಿರಿಜಾ ಒಂದರಲ್ಲಿ. ಅಂಬುಜೆಯಿಂದ ಅನಿರುದ್ಧನಿಗೆ ಗೆರೆ ಎಳೆದಳು. ಕಂಪ್ಯೂಟರಿನಲ್ಲಿ ಮಲತಾಯಿಗೂ ಒಂದು ಜಾಗವಿದೆಯಂತೆ, ನನ್ನಿಂದ ಅವನಿಗೆ ತುಂಡು ತುಂಡಾದ ಗೆರೆಯೊಂದನ್ನು ಹಾಕಿದಳು. ಅಷ್ಟು ಸಾಕು ಎಂದೆ.

ಅನಿರುದ್ಧ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ನನ್ನ ಮಾತ್ರೆಗಳನ್ನು ತಂದುಕೊಟ್ಟು, "ಅಂಬುಜಾ ಅಂದ್ರೆ ಏನರ್ಥ?" ಎಂದು ಕೇಳಿದ. ತಾವರೆ ಎಂದೆ. ತಲೆಯಾಡಿಸಿ ಮೇಲೆ ಹೋದ. ಅವನಿಗೆ ನನ್ನ ಮೇಲೆ ಕೋಪವೋ, ಅವಳ ನೆನಪೋ, ನನಗೆ ತಿಳಿಯುವುದಿಲ್ಲ. ಕೇಳುವ ಶಕ್ತಿಯೂ ಇಲ್ಲ. ತುಂಬ ದಣಿದಿದ್ದೇನೆ, ಅಕ್ಕಾ.

ಒಂದು ಉಪಕಾರ ಮಾಡು. ನಮ್ಮ ಅವ್ವನನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು? ಇಂಚರಾ ಕೇಳಿದಾಗ ನನಗೆ ಗೊತ್ತಾಗಲಿಲ್ಲ, ನಾಚಿಕೆಯಾಯಿತು. ನಿನಗೆ ನೆನಪಿದ್ದರೆ ಬರೆ.

ಮಂಡಿನೋವಿನ ಎಣ್ಣೆ ತಪ್ಪದೆ ಹಚ್ಚಿಕೋ. ಮನೆಯ ಮಕ್ಕಳಿಗೆ, ಮೊಮ್ಮಕ್ಕಳಿಗೆ ನೂರು ವರ್ಷ ಆಯುಸ್ಸಾಗಲಿ ಎಂದು ನನ್ನ ಆಶೀರ್ವಾದ ತಿಳಿಸು. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ
ಗಿರಿಜಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಇವರು ಹೋಗುವ ಹಿಂದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆಯೇ "ವೇಣೀ" ಎಂದರು. ನನ್ನನ್ನೂ ಹಾಗೇ ಕರೆಯುತ್ತಿದ್ದರಲ್ಲ, ಇಲ್ಲೇ ಇದ್ದೀನಿ ಎಂದು ಕೈ ಹಿಡಿದುಕೊಂಡೆ. ಅವರ ಮುಖದಲ್ಲಿ ನಾನು ಎಂದೂ ಕಾಣದ ನಗು ಬಂತು. "ಭಾಳ ವರ್ಷ ಆತಲ್ಲ ನಿನ್ನ ನೋಡಿ," ಎಂದರು. ಹನ್ನೊಂದು ದಿನದಿಂದ ನಾನು ಆ ಹಾಸಿಗೆಯ ಪಕ್ಕದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹೌದು, ಭಾಳ ವರ್ಷ ಆತು ಎಂದು ಅವಳ ಪರವಾಗಿ ನಾನೇ ಹೇಳಿದೆ.