ನೀನು ಹಾಕದ ಸಹಿ

ಉಗಾರ ಖುರ್ದ
೯ ಫೆಬ್ರುವರಿ ೧೯೯೩

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಇವತ್ತು ನಾನು ಕಲಿಸುವ ಶಾಲೆಗೆ ಯುಕಿ ಎಂಬ ಜಪಾನಿ ಹುಡುಗಿ ಬಂದಿದ್ದಳು. ಎರಡು ದೇಶಗಳ ಸ್ನೇಹ ಬೆಳೆಯಲೆಂದು ಕೊಡುವ ಸ್ಕಾಲರ್‌ಶಿಪ್ ಪಡೆದು ಧಾರವಾಡದಲ್ಲಿ ಕನ್ನಡ ಕಲಿಯುತ್ತಿದ್ದಾಳೆ. ಎಂಬತ್ತಾರರಲ್ಲಿ ಅದೇ ಸ್ಕಾಲರ್‌ಶಿಪ್ಪಿಗೆ ನಾನು ಆಯ್ಕೆಯಾದಾಗ ನೀನು ಒಪ್ಪಿಗೆ ಪತ್ರವನ್ನು ದೂರ ಸರಿಸಿ, "ಹೆಣ್ಮಗಳು ಸಮುದ್ರ ದಾಟಿದ್ರ ಲಗ್ನಾ ಯಾರ ಮಾಡ್ಕೊಂತಾರ?" ಅಂದಿದ್ದೆ. ಆ ಲಗ್ನವೂ ಆಗಲಿಲ್ಲ.

"ನಮ್ಮ ಗಿರಿಜಾ ಅಕ್ಕೋರೂ ನಿಮ್ಮ ದೇಶಕ್ಕ ಹೋಗೋರಿದ್ರು," ಎಂದು ಹೆಡ್‌ಮಾಸ್ತರರು ಅವಳಿಗೆ ಹೇಳಿಬಿಟ್ಟರು.

"ಮತ್ತೆ ಯಾಕೆ ಬರಲಿಲ್ಲ?" ಎಂದು ಯುಕಿ ಕೇಳಿದಳು.

"ನಮ್ಮಪ್ಪ ಹೋಗು ಅಂತ ಭಾಳ ಹೇಳಿದ್ರು," ಅಂದೆ. "ನಾನ ಅಂಜಿದೆ."

ಪರದೇಶದವಳ ಮುಂದೆ ನಿನ್ನ ಮಾನ ಉಳಿಸಿದೆ. ಅವಳು ಕನಿಕರದಿಂದ ನನ್ನ ಕೈ ಹಿಡಿದು, "ಅಂಥ ತಂದೆ ಇದ್ದೂ ಬರಲಿಲ್ಲವಲ್ಲ," ಅಂದಳು.