ಹಳದಿ ಚೀಟಿ

8-5-79, ಪರ್ತ್. ಸಂಜೆ 5
ಸಾರಿಗೆ ಉಪ್ಪು ಜಾಸ್ತಿ ಬಿತ್ತು. ಅಳಿಯ ರಾಜಗೋಪಾಲ ಬಾಯ್ಮುಚ್ಕೊಂಡು ತಿಂದು ವೆಲ್ಷ್‌ಪೂಲ್ ಗೋಡೌನಿಗೆ ಕೆಲಸಕ್ಕೆ ಹೋದ. ಮಗಳು ಕಸ್ತೂರಿ ಊಟದ ಡಬ್ಬಿ ಮರೆತು ಆಸ್ಪತ್ರೆಗೆ ಓಡಿದ್ಲು. ಡಾಕ್ಟರಂತೆ! ಬಸ್ ಹತ್ತಿ ನಾನೇ ಕೊಟ್ಟುಬಂದೆ.

ಔಟ್‌ಪೇಷೆಂಟಲ್ಲಿ ಬೆಂಚು ತುಂಬ ಜನ. ಮಗಳ ರೂಮಲ್ಲಿ ಮಾತ್ರ ಒಬ್ಬ ಪೇಷೆಂಟೂ ಇಲ್ಲ. ಕೌಂಟರಿನ ಹೆಂಗಸು ಒಬ್ಬೊಬ್ಬರನ್ನೂ ಕೇಳ್ತಾಳೆ— ಇಂಡಿಯನ್ ಡಾಕ್ಟರ್ ಆದ್ರೆ ನಡೆಯುತ್ತಾ? ಬೇಡ ಅಂದವರ ಫೈಲಿಗೆ ಹಳದಿ ಚೀಟಿ. ಅವರೆಲ್ಲ ಪಕ್ಕದ ರೂಮಿನ ಬಿಳಿ ಡಾಕ್ಟರ್ ಹತ್ರ. ಅವಳು ಕೇಳದೇ ಇದ್ದಿದ್ರೆ ಅರ್ಧ ಜನಕ್ಕೆ ಅದು ಹೊಳೀತಾನೇ ಇರ್ಲಿಲ್ಲ.

9-5
ಊಟಕ್ಕೆ ಕೂತಾಗ ಮಗಳ ಬಾಯಿ ಬಿಡಿಸಿದೆ. ಸೂಪರಿಂಟೆಂಡೆಂಟ್ ಹೇಳಿದ್ನಂತೆ— ನೀನು ನೋಡೋ ಪೇಷೆಂಟ್ ಕಮ್ಮಿ, ಜೂನ್ ಮೂವತ್ತಕ್ಕೆ ಕೆಲಸ ಮುಗೀತು.
"ಚೀಟಿ ಅಂಟಿಸೋರೂ ಅವರೇ, ಕಮ್ಮಿ ಅನ್ನೋರೂ ಅವರೇ. ನೀನೇನಂದೆ?"
"ಥ್ಯಾಂಕ್ಯೂ ಸರ್ ಅಂದೆ."
ತಟ್ಟೆ ತಳ್ಳಿ ಎದ್ದೆ.
"ಮಾವ, ಸುಮ್ನಿರಿ. ಇದು ಮೈಸೂರಲ್ಲ" ಅಂದ ಅಳಿಯ.
ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು. ಆದ್ರೆ ಮೂವತ್ತು ವರ್ಷ ಸಿಟಿ ಬಸ್ ಕಂಡಕ್ಟರ್. ಪಕ್ಕದೋನ ಜಾತಿ ಕೇಳಿ ಕೂರ್ತೀನಿ ಅಂದೋನನ್ನ ನಡುದಾರೀಲಿ ಇಳಿಸಿದ್ದೀನಿ.

15-5
ಗುಲಾಬಿ ಮುಳ್ಳು ಚುಚ್ಚಿ ಉಗುರುಸುತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸ್ಕೊಂಡೆ. ಕೀವು ಕಟ್ಟಿದೆ, ಆಸ್ಪತ್ರೇಲಿ ಕೊಯ್ಸಿ ಅಂತ ಕಸ್ತೂರಿ ಬೈದ್ಲು. ನಾಳೆ ಹೋಗ್ತೀನಿ ಅಂದೆ. ಅಷ್ಟು ಬೇಗ ಒಪ್ಪಿದ್ದಕ್ಕೇ ಅವಳಿಗೆ ಡೌಟು.

16-5, ಮಧ್ಯಾಹ್ನ 3
ಆಸ್ಪತ್ರೆಯಿಂದ ಈಗ ಬಂದೆ.

ನಿಂಬೆಹಣ್ಣಿನ ಸಮೇತ ಕೌಂಟರಿಗೆ ಹೋದೆ. ಮಗಳು ಅಪ್ಪನನ್ನ ನೋಡೋ ಹಾಗಿಲ್ಲ, ರೂಲ್— ಅಂತ ಆ ಹೆಂಗಸು ಪಕ್ಕದ ರೂಮಿಗೆ ಬರೆದ್ಲು.
"ಬಿಳಿ ಡಾಕ್ಟರ್ ಬೇಡ. ನನಗೂ ಹಳದಿ ಚೀಟಿ ಕೊಡಿ" ಅಂದೆ. ನನ್ನ ಹರುಕು ಇಂಗ್ಲಿಷಲ್ಲೇ.
"ಅದು ನಿಮ್ಮಂಥವರಿಗಲ್ಲ."
"ಮತ್ತೆ ಎಂಥವರಿಗೆ?"
ಕಂಡಕ್ಟರ್ ಗಂಟಲು. ಕೊನೇ ಬೆಂಚಿಗೂ ಕೇಳಿಸ್ತು. ಕಸ್ತೂರಿ ಬಾಗಿಲಿಗೆ ಬಂದು "ಅಪ್ಪಾ, ನನ್ನ ಕೆಲಸ..." ಅಂದ್ಲು. ಸೂಪರಿಂಟೆಂಡೆಂಟೂ ಇಳಿದು ಬಂದ. ಮುಖ ಬೀಟ್‌ರೂಟು.
"ಮಿಸ್ಟರ್, ನಮ್ಮ ಆಸ್ಪತ್ರೇಲಿ ಬಣ್ಣ ನೋಡಿ ಡಾಕ್ಟರನ್ನ ಆರಿಸೋ ಹಾಗಿಲ್ಲ!"
"ಭೇಷ್! ಇನ್ನೊಂದ್ಸಲ ಹೇಳಿ. ಇವರಿಗೆಲ್ಲ ಕೇಳಿಸ್ಲಿ."
ಅವನು ಕೌಂಟರ್ ನೋಡಿದ. ಅಲ್ಲಿ ಹಳದಿ ಚೀಟಿ ಕಟ್ಟು. ಆಡಿದ್ದನ್ನ ನುಂಗೋ ಹಾಗಿಲ್ಲ, ಐವತ್ತು ಜನ ಕೇಳ್ತಿದಾರೆ. ಹೇಳಿದ, ಮೆತ್ತಗೆ. ಪಕ್ಕದಲ್ಲಿದ್ದ ಹೆಡ್ ನರ್ಸ್ ಆ ಮಾತನ್ನ ನಿಂತಲ್ಲೇ ಬರ್ಕೊಂಡ್ಲು.
ಊರುಗೋಲಿನ ಬಿಳಿ ಮುದುಕಿಯೊಬ್ಬಳು ಎದ್ಲು. "ಬೆಳಿಗ್ಗೆಯಿಂದ ಕೂತು ಸೊಂಟ ಹಿಡೀತು. ಈ ಹುಡುಗಿ ಖಾಲಿ ಕೂತಿದಾಳೆ ಅಂತ ಯಾರೂ ಹೇಳ್ಲೇ ಇಲ್ವಲ್ಲ!" ತನ್ನ ಫೈಲಿನ ಚೀಟಿ ತಾನೇ ಕಿತ್ತು ಕಸ್ತೂರಿ ರೂಮಿಗೆ ಹೋದ್ಲು. ಅವಳ ಹಿಂದೆ ಇಬ್ಬರು. ಆಮೇಲೆ ಎಣಿಸ್ಲಿಲ್ಲ.
ನನ್ನ ಬೆರಳನ್ನ ಬಿಳಿ ಡಾಕ್ಟರೇ ಕೊಯ್ದ. ಒಳ್ಳೇ ಕೈ. ಅವನ ಮೇಲೆ ನನಗೇನು ಸಿಟ್ಟು?

17-5
ನನ್ನ ಮೇಲಿನ ಸಿಟ್ಟಿಗೆ ಮಗಳು ಊಟದ ಡಬ್ಬೀನೂ ಮುಟ್ಟದೆ ಹೋದ್ಲು.

6-6
ಸೂಪರಿಂಟೆಂಡೆಂಟ್ ಮಾತನ್ನ ಹೆಡ್ ನರ್ಸ್ ಟೈಪ್ ಮಾಡಿಸಿ ಕೌಂಟರ್ ಮೇಲೆ ಅಂಟಿಸಿದ್ಲಂತೆ. ಕೆಳಗೆ ಅವನ ಹೆಸರು. ಕೀಳಿಸೋಕೆ ಅವನಿಗೆ ಬಾಯಿಲ್ಲ! ಈಗ ಟೋಕನ್— ಯಾರ ರೂಮು ಖಾಲಿಯೋ ಅಲ್ಲಿಗೆ. ಕಸ್ತೂರಿ ತಾನಾಗೇ ಹೇಳಿದ್ಲು. ನಗು ತಡ್ಕೊಂಡು.

29-6, ಸಂಜೆ 7
ಬೆಳಿಗ್ಗೆ ಆಸ್ಪತ್ರೇಲಿ ಕಸ್ತೂರಿ ಕೈಗೆ ಕಾಗದ ಕೊಟ್ಟಿದಾರೆ. ಇನ್ನೆರಡು ವರ್ಷ ಅದೇ ಕೆಲಸ. ಅಳಿಯ ಗೋಡೌನಿಂದ ಫೋನ್ ಮಾಡಿ "ಮಾವ! ಮಾವ!" ಅಂತ ಕೂಗ್ದ.
ಕಸ್ತೂರಿ ಈಗ ಬಂದ್ಲು. ಸಿಹಿ ಸುದ್ದಿ ಅಂತ ಕಾದ್ರೆ ಚಪ್ಪಲಿ ಎಸೆದು ನನ್ನ ಮೇಲೇ ರೇಗಿದ್ಲು. "ನಲವತ್ತೊಂದು ಪೇಷೆಂಟ್ ಅಪ್ಪಾ! ಒಂದು ಗುಟುಕು ಕಾಫಿಗೂ ಬಿಡ್ಲಿಲ್ಲ. ಎಲ್ಲ ನಿಮ್ಮಿಂದ!"
ರೇಗಲಿ. ಇನ್ನೂ ರೇಗಲಿ. ಕಾಫಿಗೆ ನೀರಿಡ್ಬೇಕು, ಅವಳು ಮತ್ತೆ ಕರೀತಿ—