ಬಂಜಿಯ ಹಲ್ಲು

ನವೆಂಬರ್ 11, ಸೋಮವಾರ

ಹನ್ನೊಂದು ಅಪಾಯಿಂಟ್‌ಮೆಂಟ್. ಎರಡು ರೂಟ್ ಕೆನಾಲ್, ಒಂದು ಅಳುವ ಮಗು, ಮಗುವಿಗಿಂತ ಹೆಚ್ಚು ಅಳುವ ಒಬ್ಬ ಅಪ್ಪ. ಎಲ್ಲ ಮಾಮೂಲಿ. ಮಾಮೂಲಿಯಲ್ಲದ್ದು ಒಂದೇ. ವೇಟಿಂಗ್ ರೂಮಿನ ಅಕ್ವೇರಿಯಂನಲ್ಲಿ ಮತ್ತೊಂದು ಗೋಲ್ಡ್‌ಫಿಶ್‌ನ ಬಾಲ ಅರ್ಧ ಮಾಯ.

ಇದು ಮೂರನೆಯದು. ಯಾರ ಕೆಲಸ ಎಂದು ಕೇಳುವುದೇ ಬೇಡ. ಆ ಪಫರ್ ಮೀನು... ಹಸಿರು ಮೈ, ಕಪ್ಪು ಚುಕ್ಕೆ, ನಿಂಬೆಹಣ್ಣಿನಷ್ಟು ಗಾತ್ರ. ಮೂಲೆಯಲ್ಲಿ ನಿಂತು ಒಂದು ಕಣ್ಣಲ್ಲಿ ನನ್ನನ್ನೂ ಇನ್ನೊಂದು ಕಣ್ಣಲ್ಲಿ ಬಾಗಿಲನ್ನೂ ನೋಡುತ್ತಿತ್ತು.

ರೊಸಾಲಿನ್ ಡಾಕ್ಟ್ರು ಮಾಸ್ಕ್ ಇಳಿಸಿ ಹೇಳಿದರು: "ಮೋಹಿನಿ, ಇದು ಇವತ್ತೇ ಹೊರಗೆ ಹೋಗ್ಬೇಕು. ಹಲ್ಲಿನ ಕ್ಲಿನಿಕ್‌ನಲ್ಲಿ ಕಚ್ಚುವ ಮೀನು ಇಟ್ರೆ ಪೇಶೆಂಟ್ಸ್ ಎಂತ ಗ್ರಹಿಸ್ತಾರೆ?"

ಚರಂಡಿಗೆ ಹಾಕಲು ಮನಸ್ಸು ಬರಲಿಲ್ಲ. ಬಕೆಟ್‌ನಲ್ಲಿ ಹಾಕಿ, ಕದ್ರಿಯಿಂದ ರಿಕ್ಷಾ ಮಾಡಿ, ತೊಡೆಯ ಮೇಲಿಟ್ಟು ಮನೆಗೆ ತಂದೆ. ಪಂಪ್‌ವೆಲ್ ಫ್ಲೈಓವರ್ ಕೆಳಗೆ ಬ್ರೇಕ್ ಹೊಡೆದಾಗ ಅರ್ಧ ನೀರು ನನ್ನ ಚೂಡಿದಾರಕ್ಕೆ.

ಮಾವ ಬಕೆಟ್‌ಗೆ ಇಣುಕಿದರು. ಬೆಂಗ್ರೆಯಿಂದ ನಲವತ್ತೈದು ವರ್ಷ ಕಡಲಿಗೆ ಹೋದ ಸೇಸಪ್ಪ ಅವರು. ಮುಖ ಸಿಂಡರಿಸಿ ಹೇಳಿದರು: "ಇದಾ? ಇದನ್ನು ನಾವು ಬಲೆಯಿಂದ ತೆಗೆದು ಬಿಸಾಡುವುದು. ವಿಷದ ಮೀನು. ಬಲೆ ಬೇರೆ ಕಡೀತದೆ. ಸಾಕ್ಲಿಕ್ಕೆ ಬೇರೆ ಎಂತದೂ ಸಿಗ್ಲಿಲ್ವಾ ನಿನಗೆ?"

ಹೇಳಿ ಹೋಗಿ ಟಿವಿ ಎದುರು ಕೂತರು. ಎರಡು ವರ್ಷದಿಂದ ಅವರ ಜಾಗ ಅದೇ.

ನವೆಂಬರ್ 12

ಪಂಪ್‌ವೆಲ್‌ನ ಬಶೀರ್ ಅಂಗಡಿಯಿಂದ ಟ್ಯಾಂಕ್, ಫಿಲ್ಟರ್, ಮರಳು. ಬಶೀರ್ ಮೀನಿನ ಬಗ್ಗೆ ಮಾತು ಶುರುಮಾಡಿದರೆ ಗಿರಾಕಿಗಳನ್ನೇ ಮರೆಯುತ್ತಾನೆ.

"ಅಕ್ಕ, ಇದು ಅಳಿವೆಯ ಮೀನು. ಹೊಳೆಯದ್ದೂ ಅಲ್ಲ, ಕಡಲಿನದ್ದೂ ಅಲ್ಲ. ನೀರಿಗೆ ಉಪ್ಪು ಬೇಕು. ಒಮ್ಮೆಲೇ ಅಲ್ಲ, ನಿಧಾನಕ್ಕೆ ಏರಿಸ್ಬೇಕು."

"ತಿನ್ಲಿಕ್ಕೆ?"

"ಸಿಗಡಿ ಕೊಡಿ, ಮರುವಾಯಿ ಕೊಡಿ. ನೀವು ತಿನ್ನುವುದೆಲ್ಲ ಅದಕ್ಕೂ ಆಗ್ತದೆ. ದೊಡ್ಡ ಜನ ಅದು."

ಸಂಜೆ ಟ್ಯಾಂಕಿಗೆ ಉಪ್ಪು ಬೆರೆಸುತ್ತಿದ್ದೆ. ಬಶೀರ್ ಕೊಟ್ಟ ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದೆ. ಮಾವ ಎದ್ದು ಬಂದರು! ಬೆರಳು ಅದ್ದಿ ನಾಲಗೆಗೆ ಇಟ್ಟರು.

"ಇದು ಸಪ್ಪೆ. ಇನ್ನೂ ಒಂದು ಮುಷ್ಟಿ ಹಾಕು... ಸಾಕು. ಮಳೆ ಹೋದ ಮೇಲೆ ಅಳಿವೆಬಾಗಿಲಲ್ಲಿ ನೀರು ಹೀಗೇ ಇರ್ತದೆ."

ಮೀಟರ್ ನೋಡಿದೆ. ಬಶೀರ್ ಪೆನ್ನಿನಲ್ಲಿ ಗೀಟು ಹಾಕಿಕೊಟ್ಟ ಜಾಗದಲ್ಲೇ ಮುಳ್ಳು ನಿಂತಿತ್ತು.

ನವೆಂಬರ್ 28, ಗುರುವಾರ

ಮೀನಿಗೆ ಹೆಸರು ಬಿದ್ದಿದೆ. ಬಂಜಿ. ಇಟ್ಟವರು ಮಾವ. ನಮ್ಮ ತುಳುವಿನಲ್ಲಿ ಹೊಟ್ಟೆಗೆ ಬಂಜಿ. ಅದಕ್ಕೆ ಇರುವುದೂ ಅಷ್ಟೇ, ಒಂದು ಹೊಟ್ಟೆ, ಎರಡು ಕಣ್ಣು.

ಬಂಜಿಗೆ ಮಾವನ ಕಾಲಸಪ್ಪಳ ಗೊತ್ತಾಗುತ್ತದೆ. ನಾನು ಹೋದರೆ ತಿರುಗಿಯೂ ನೋಡುವುದಿಲ್ಲ. ಅವರು ಹೋದರೆ ಗಾಜಿಗೆ ಮೂತಿ ಒತ್ತಿ ಇಡೀ ಮೈ ಕುಣಿಸುತ್ತದೆ. ತಿಂಡಿ ತಡವಾದರೆ ಮೇಲೆ ಬಂದು ಪಿಚ್ಚೆಂದು ನೀರು ಉಗುಳುತ್ತದೆ. ಇವತ್ತು ಮಾವನ ಕನ್ನಡಕಕ್ಕೇ ಉಗುಳಿತು.

"ಪೋಕರಿ!" ಎಂದರು. ನಕ್ಕರು. ಬೊಚ್ಚುಬಾಯಿ ಪೂರ್ತಿ ತೆರೆದು. ಅದನ್ನು ನೋಡದೆ ಎಷ್ಟು ಕಾಲವಾಗಿತ್ತು! ಹಲ್ಲೆಲ್ಲ ಹೋದ ಮೇಲೆ ನಗುವಾಗ ಟವೆಲ್ ಅಡ್ಡ ಹಿಡಿಯುತ್ತಾರೆ. ನಮ್ಮ ಕ್ಲಿನಿಕ್‌ನಲ್ಲೇ ಮಾಡಿಸಿಕೊಟ್ಟ ಹಲ್ಲಿನ ಸೆಟ್ಟು ಎರಡು ವರ್ಷದಿಂದ ಸ್ಟೀಲ್ ಡಬ್ಬಿಯಲ್ಲಿ ಮಲಗಿದೆ. ಚುಚ್ಚುತ್ತದಂತೆ. ಬೆಂಗ್ರೆಗೂ ಹೋಗುವುದಿಲ್ಲ, ಅಲ್ಲಿಯವರು ನಗಾಡುತ್ತಾರಂತೆ. ನಾನು ಬಂಗುಡೆಯ ಮುಳ್ಳು ತೆಗೆದು, ಅನ್ನಕ್ಕೆ ಹಿಚುಕಿ ಕೊಡುತ್ತೇನೆ. ತಿನ್ನುತ್ತಾರೆ.

ಡಿಸೆಂಬರ್ 15, ಆದಿತ್ಯವಾರ

ಗಂಡನಿಗೆ ಈಗ ಹೊಸ ಡ್ಯೂಟಿ. ಬಂದರಿನ ದಕ್ಕೆಯ ಐಸ್ ಪ್ಲಾಂಟ್‌ನಿಂದ ಬರುವಾಗ ಬಂಜಿಗೆ ಸಿಗಡಿ ತರಬೇಕು. ತಂದರೆ ಮಾವ ಮಣೆ ಹಾಕಿ ಕೂತು ಒಂದೊಂದನ್ನೇ ಸುಲಿಯುತ್ತಾರೆ. ತಲೆ ತೆಗೆದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನೂಲು ಎಳೆದು, ಉಗುರಿನಷ್ಟು ತುಂಡು ಮಾಡಿ. ಮರುವಾಯಿಯಾದರೆ ಬಿಸಿನೀರಿಗೆ ಹಾಕಿ ಚಿಪ್ಪಿನ ಬಾಯಿ ಬಿಡಿಸಿ, ಒಳಗಿನ ಮೆತ್ತಗಿನದ್ದು ಮಾತ್ರ.

"ನನ್ನನ್ನು ಅಮ್ಮ ಕೂಡ ಹೀಗೆ ಸಾಕ್ಲಿಲ್ಲ" ಎಂದರು ಇವರು.

ನಾನು ಎಂದೆ: "ನಾನು ಈ ಮನೆಗೆ ಬಂದು ಇಪ್ಪತ್ತೇಳು ವರ್ಷ ಆಯ್ತು. ನನಗೆ ಯಾರೂ ಒಂದು ಸಿಗಡಿ ಸುಲಿದು ಕೊಟ್ಟದ್ದಿಲ್ಲ."

ಮಾವ ತಲೆ ಎತ್ತಲಿಲ್ಲ. "ನಿನಗೆ ಕೈ ಉಂಟಲ್ಲ ಮಗಾ. ಅದಕ್ಕೆ ಉಂಟಾ?"

ಮಾತಿಗೆ ಮಾತು. ಟಿವಿ ಆಫ್ ಆಗಿ ಹದಿನೈದು ದಿನವಾಯಿತು. ಖುಷಿಯಾಗಿದ್ದೇನೆ, ಬರೆದಿಡುತ್ತೇನೆ.

ಜನವರಿ 26

ಬಂಜಿ ಇವತ್ತು ಉಬ್ಬಿತು! ಏನೂ ಕಾರಣವಿಲ್ಲ. ಸುಮ್ಮನೆ ನೀರು ಕುಡಿದು ಚೆಂಡಾಗಿ, ಮೈಯ ಮುಳ್ಳು ನಿಮಿರಿಸಿ, ಒಂದು ನಿಮಿಷ ತೇಲಿ, ಮತ್ತೆ ಸಣ್ಣದಾಯಿತು. ಮಾವ ಕಿಟಕಿಯಿಂದ ಕರೆದು ಪಕ್ಕದ ಮನೆಯವರಿಗೆಲ್ಲ ಹೇಳಿದರು. ಅವರು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಎಲ್ಲರಿಗೂ ಚಾ ಮಾಡಬೇಕಾಯಿತು.

ಮಾರ್ಚ್ 18, ಮಂಗಳವಾರ

ಬರೆಯದೆ ಎರಡು ತಿಂಗಳು. ಸುಖದಲ್ಲಿ ಬರೆಯಲು ನೆನಪಾಗುವುದಿಲ್ಲ.

ಬಂಜಿ ಮೂರು ದಿನದಿಂದ ತಿನ್ನುತ್ತಿಲ್ಲ. ಹಸಿವಿಲ್ಲ ಎಂದಲ್ಲ. ಓಡಿ ಬರುತ್ತದೆ, ತುಂಡಿಗೆ ಬಾಯಿ ಹಾಕುತ್ತದೆ, ಹಿಡಿತ ಸಿಗುವುದಿಲ್ಲ, ಬಿಡುತ್ತದೆ. ಮಾವ ತುಂಡನ್ನು ಸಣ್ಣ ಮಾಡುತ್ತಾ ಮಾಡುತ್ತಾ ರವೆಯಷ್ಟು ಮಾಡಿದರು. ಆದರೂ ಇಲ್ಲ.

ಮಧ್ಯಾಹ್ನ ಅವರೂ ಬಟ್ಟಲು ಸರಿಸಿದರು. "ಅದು ತಿನ್ಲಿ, ಮತ್ತೆ ನೋಡುವ."

ಮಾರ್ಚ್ 20, ಬೆಳಿಗ್ಗೆ

ಹೊಟ್ಟೆ ಒಳಗೆ ಹೋಗಿದೆ. ಬಂಜಿ ಎಂಬ ಹೆಸರಿಗೇ ಅವಮಾನ. ಮಾವ ಟ್ಯಾಂಕಿನ ಎದುರಿನ ಕುರ್ಚಿ ಬಿಟ್ಟು ಏಳುತ್ತಿಲ್ಲ. ನನಗೆ ಹೆದರಿಕೆ. ಇದು ಹೋದರೆ ಮಾವ ಮತ್ತೆ ಆ ಟಿವಿ ಎದುರು ಕೂರುತ್ತಾರೆ. ಈ ಸಲ ಕೂತರೆ ಏಳಲಿಕ್ಕಿಲ್ಲ.

ಫೋಟೋ ತೆಗೆದು ಬಶೀರ್‌ಗೆ ಕಳಿಸಿದ್ದೇನೆ.

ಅದೇ ದಿನ, 11.30, ಕ್ಲಿನಿಕ್

ಬಶೀರ್ ಫೋನ್ ಮಾಡಿದ.

"ಅಕ್ಕ, ಬಾಯಿ ನೋಡಿದ್ರಾ ಅದರದ್ದು? ಹಲ್ಲು ಬೆಳೆದು ಬಾಯಿ ಮುಚ್ಚಿದೆ. ಇದರ ಹಲ್ಲು ಉಗುರಿನ ಹಾಗೆ, ಬೆಳೀತಾನೇ ಇರ್ತದೆ. ಚಿಪ್ಪು ಒಡೆದು ಒಡೆದು ಸವೀಬೇಕು. ನೀವು ಮರುವಾಯಿ ಕೊಡ್ಲಿಲ್ವಾ?"

"ಕೊಟ್ಟಿದ್ದೇವೆ ಮಾರಾಯ. ವಾರಕ್ಕೆ ಎರಡು ಸಲ."

"ಚಿಪ್ಪು ಸಮೇತ?"

"ಚಿಪ್ಪು ತೆಗೆದು..."

"ಅಲ್ಲಾ! ಸುಲಿದು ಕೊಟ್ರಾ? ಮೀನಿಗೆ ಯಾರಾದ್ರೂ ಸುಲಿದು ಕೊಡ್ತಾರಾ ಅಕ್ಕ?"

ನಾವು ಕೊಡುತ್ತೇವೆ. ತಿನ್ನಲು ಕೊಡುವುದು ಎಂದರೆ ಮುಳ್ಳು, ಸಿಪ್ಪೆ ತೆಗೆದು ಕೊಡುವುದು ಎಂದೇ ನಮ್ಮ ಮನೆಯ ಅರ್ಥ. ಬಶೀರ್ 'ನೀವು ತಿನ್ನುವುದೆಲ್ಲ' ಎಂದ. ನಾವು ತಿನ್ನುವ ಹಾಗೆಯೇ ಮಾಡಿ ಕೊಟ್ಟೆವು.

ಇನ್ನು ನನ್ನ ವಿಷಯ. ಹಲ್ಲಿನ ಕ್ಲಿನಿಕ್‌ನಲ್ಲಿ ಹದಿನೆಂಟು ವರ್ಷ. ಊರವರ ಬಾಯಿಯೆಲ್ಲ ನೋಡಿದವಳಿಗೆ ಮನೆಯ ಮೀನಿನ ಹಲ್ಲು ಕಾಣಲಿಲ್ಲ.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಹಲ್ಲು ಹೆಚ್ಚಾದವನೂ ಉಪವಾಸ, ಹಲ್ಲಿಲ್ಲದವರೂ ಉಪವಾಸ.

ಮಾರ್ಚ್ 21

ಹಲ್ಲು ಕತ್ತರಿಸಬೇಕು. ಬೇರೆ ದಾರಿ ಇಲ್ಲ. ನೀರಿಗೆ ಲವಂಗದ ಎಣ್ಣೆಯ ಹನಿ ಬೆರೆಸಿದರೆ ಮೀನಿಗೆ ಮಂಪರು ಬರುತ್ತದೆ, ಆಗ ಮಾಡಬಹುದು ಎಂದ ಬಶೀರ್. ಅವನ ಕೈ ನಡುಗುತ್ತದಂತೆ, ತಾನು ಮಾಡುವುದಿಲ್ಲವಂತೆ. ಲವಂಗದ ಎಣ್ಣೆಯಾ? ನಮ್ಮ ಕ್ಲಿನಿಕ್ ಇಡೀ ಅದರದ್ದೇ ವಾಸನೆ!

ಡಾಕ್ಟ್ರ ಹತ್ತಿರ ಕೇಳಿದೆ. ಡ್ರಿಲ್ ಕೆಳಗಿಟ್ಟರು.

"ನಾನು ಓದಿದ್ರಲ್ಲಿ ಮೀನು ಇಲ್ಲ ಮೋಹಿನಿ. ಸತ್ರೆ?"

"ಮಾಡದಿದ್ರೂ ಸಾಯ್ತದೆ ಡಾಕ್ಟ್ರೇ. ಮಾವ ಊಟ ಬಿಟ್ಟಿದ್ದಾರೆ."

ಗ್ಲೌಸ್ ಕಳಚಿದರು. ಆಮೇಲೆ: "ಹೊರಗೆ ಹಾಕಿದ್ದು ನಾನೇ ಅಲ್ವಾ... ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ಸೀದಾ ಬರ್ತೇನೆ."

ಮಾರ್ಚ್ 23, ಆದಿತ್ಯವಾರ, ಮಧ್ಯಾಹ್ನ

ಅಡುಗೆ ಇನ್ನೂ ಆಗಿಲ್ಲ. ಆದರೂ ಬರೆಯಬೇಕು.

ಡಾಕ್ಟ್ರು ಚರ್ಚಿಗೆ ಉಟ್ಟ ಸೀರೆಯಲ್ಲೇ ಬಂದರು. ಟಬ್‌ನಲ್ಲಿ ಟ್ಯಾಂಕಿನ ನೀರು, ಎಣ್ಣೆ ಎರಡೇ ಹನಿ. ಬಂಜಿ ಒಂದು ಸುತ್ತು ಬಂತು, ವಾಲಿತು, ಮಗ್ಗುಲಾಯಿತು. ಡಾಕ್ಟ್ರು ಎತ್ತಲು ಕೈ ಚಾಚಿದರು. ಮಾವ ತಡೆದರು.

"ನೀರಿನಿಂದ ತೆಗೀಬೇಡಿ. ಗಾಳಿ ಕುಡಿದು ಉಬ್ಬಿದ್ರೆ ಮಗುಚಿ ಬೀಳ್ತದೆ, ಮತ್ತೆ ಏಳುವುದಿಲ್ಲ. ನಾನು ಹಿಡೀತೇನೆ."

ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೂತಿ ಮಾತ್ರ ನೀರಿನ ಮಟ್ಟಕ್ಕೆ ತಂದು ಹಿಡಿದರು. ಸಾವಿರ ಸಲ ಇಂಥದ್ದನ್ನು ಹಿಡಿದು ಬಿಸಾಡಿದ ಕೈ. ಇವತ್ತು ಅಲುಗಲಿಲ್ಲ.

ನಾನು ಟಾರ್ಚ್. ಅಭ್ಯಾಸಬಲ, ಇನ್ನೊಂದು ಕೈಯಲ್ಲಿ ಟಿಶ್ಯೂ ಹಿಡಿದು ನಿಂತಿದ್ದೆ.

"ಬಾಯಿ ತೆರಿ ಪುಟ್ಟ... ನೋವಾಗುದಿಲ್ಲ" ಎಂದರು ಡಾಕ್ಟ್ರು. ಮೀನಿಗೆ! ಆಮೇಲೆ ತಾವೇ ನಕ್ಕು, "ಮೋಹಿನಿ, ಈಗ ಅದಕ್ಕೆ ಉಗುಳ್ಲಿಕ್ಕೆ ಹೇಳ್ಬೇಡ ಮತ್ತೆ" ಎಂದರು.

ಕಟ್. ಮೇಲಿನದು. ಕಟ್. ಕೆಳಗಿನದು. ಅಷ್ಟೇ.

ಆಮೇಲಿನದ್ದೇ ಕಷ್ಟ. ಒಳ್ಳೆಯ ನೀರಿಗೆ ಹಾಕಿದರೆ ಬಂಜಿ ಅಲುಗಲಿಲ್ಲ. ಮಾವ ಅದನ್ನು ಅಂಗೈಯಲ್ಲಿಟ್ಟು ನೀರೊಳಗೆ ಮುಂದೆ, ಮುಂದೆ ನಡೆಸಿದರು. ನಾಲ್ಕು ನಿಮಿಷ. ಮೊದಲು ಒಂದು ಕಣ್ಣು ತಿರುಗಿತು. ಮಾವನ ಕಡೆಗೆ. ಆಮೇಲೆ ರೆಕ್ಕೆ.

ನಾನು ಅತ್ತುಬಿಟ್ಟೆ. ಡಾಕ್ಟ್ರೂ ಟಿಶ್ಯೂ ತೆಗೆದುಕೊಂಡರು. ಅದಕ್ಕೇ ಇರಬೇಕು ನಾನು ಹಿಡಿದುಕೊಂಡಿದ್ದು.

ಹೊರಡುವಾಗ ಡಾಕ್ಟ್ರು ಹೇಳಿದರು: "ಅದರದ್ದಾಯ್ತು. ಇನ್ನು ನಿಮ್ದು. ಸೆಟ್ ತನ್ನಿ ನೋಡುವ, ಚುಚ್ಚುವಲ್ಲಿ ಉಜ್ಜಿ ಕೊಡ್ತೇನೆ."

ಮಾವ ಟವೆಲ್ ಬಾಯಿಗೆ ತಂದರು. "ಅದು ಚಿಪ್ಪು ಒಡೆದು ತಿಂದ ದಿವಸ ಹಾಕ್ತೇನೆ. ಅಷ್ಟರವರೆಗೆ ಕೇಳ್ಬೇಡಿ."

ಡಾಕ್ಟ್ರು ಬಿಡುವವರಲ್ಲ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೇ ಹೋದರು.

ಮಾರ್ಚ್ 24

ಮಾರ್ಕೆಟ್ಟಿನ ಮರುವಾಯಿ ಹಾಕಿದೆವು, ಚಿಪ್ಪು ಸಮೇತ. ದೊಡ್ಡದಾಯಿತು. ಬಂಜಿ ಸುತ್ತ ತಿರುಗಿ ನೋಡಿ ಮೂಲೆಗೆ ಹೋಯಿತು. ಅದಕ್ಕೆ ಒಡೆಯಬೇಕೆಂದು ಗೊತ್ತೇ ಇಲ್ಲ ಪಾಪ. ಯಾರಾದರೂ ಬಿಡಿಸಿ ಕೊಡುತ್ತಾರೆ ಎಂದು ಕಾಯುತ್ತಿದೆ.

ಸುಲಿದ ಸಿಗಡಿ ಒಂದು ತುಂಡು ಕೊಡೋಣ ಎಂದೆ, ಇಷ್ಟು ದಿನದ ಉಪವಾಸ. ಮಾವ ಕೈ ಹಿಡಿದರು. ಅವರ ಕಣ್ಣು ಒದ್ದೆ. "ಬೇಡ. ಕೊಟ್ಟು ಕೊಟ್ಟೇ ಹೀಗೆ ಮಾಡಿದ್ದು ನಾನು."

ಮಾರ್ಚ್ 25, ಸಂಜೆ 6

ಬೆಳಿಗ್ಗೆ ಹತ್ತಕ್ಕೆ ಇವರ ಫೋನ್. ಮನೆಯಲ್ಲಿ ಅಪ್ಪ ಇಲ್ಲ. ಚಪ್ಪಲಿ ಇಲ್ಲ, ಚೀಲ ಇಲ್ಲ. ಎಲ್ಲಿಗೆ ಎಂದು ಹುಡುಕುವುದು? ನಾನು ಕ್ಲಿನಿಕ್‌ನಿಂದ ಓಡಿ ಬರುವಷ್ಟರಲ್ಲಿ ಮಾವ ರಿಕ್ಷಾದಿಂದ ಇಳಿಯುತ್ತಿದ್ದರು. ಪಂಚೆ ಮೊಣಕಾಲವರೆಗೆ ಒದ್ದೆ.

"ಬೆಂಗ್ರೆಗೆ ಹೋಗಿದ್ದೆ. ಫೆರಿಯಲ್ಲಿ."

ಎರಡು ವರ್ಷದ ನಂತರ! ಬೊಚ್ಚುಬಾಯಿಯಲ್ಲೇ!

"ನಗಾಡಿದ್ರಾ ಮಾವ?"

"ನಗಾಡಿದ್ರು. ಹಲ್ಲು ಎಲ್ಲಿ ಸೇಸಪ್ಪಣ್ಣ ಅಂತ ಕೇಳಿದ್ರು. ಮೀನಿಗೆ ಕೊಟ್ಟೆ ಅಂದೆ."

ಚೀಲದಲ್ಲಿ ಕಡಲೆಯಷ್ಟೇ ಗಾತ್ರದ ಮರುವಾಯಿ ಮರಿಗಳು. ಹೊಳೆಯ ಬದಿಯಲ್ಲಿ ತಾವೇ ಕೂತು ಕೆದಕಿ ತಂದದ್ದು. ಒಂದು ಹಾಕಿದರು. ಬಂಜಿ ಬಂತು. ನೋಡಿತು. ಮೂತಿಯಲ್ಲಿ ದೂಡಿತು. ಬಾಯಿಗೆ ಹಾಕಿತು, ಉಗುಳಿತು, ಮತ್ತೆ ಹಾಕಿತು.

ಕಟಕ್!

ಗಾಜಿನ ಆಚೆಯಿಂದಲೂ ಕೇಳಿತು. ಚಿಪ್ಪಿನ ಪುಡಿ ಬಾಯಿಯಿಂದ ಹೊಗೆಯ ಹಾಗೆ ಬಂತು. ಮಾವ ಎದ್ದು ಚಪ್ಪಾಳೆ ಹೊಡೆದರು. ಇನ್ನೊಂದು, ಕಟಕ್. ಏಳು ತಿಂದಿತು. ಹೊಟ್ಟೆ ಮತ್ತೆ ಹೊಟ್ಟೆಯಾಯಿತು.

ಡಾಕ್ಟ್ರು ಉಜ್ಜಿಕೊಟ್ಟ ಸೆಟ್ಟು ನನ್ನ ಬ್ಯಾಗಿನಲ್ಲೇ ಇತ್ತು. ಎದುರಿಗಿಟ್ಟೆ. "ಮಾತು ಅಂದ್ರೆ ಮಾತು ಮಾವ."

"ಅದು ಮರಿ ಮರುವಾಯಿ. ಲೆಕ್ಕಕ್ಕಿಲ್ಲ."

ಡಬ್ಬಿ ಮತ್ತೆ ಶೆಲ್ಫಿಗೆ. ನಾನೂ ಒಂದು ತೀರ್ಮಾನ ಮಾಡಿದ್ದೇನೆ. ನಾಳೆಯಿಂದ ಬಂಗುಡೆ ಇಡಿಯಾಗಿಯೇ ಬಡಿಸುವುದು.

ಮಾರ್ಚ್ 30, ಆದಿತ್ಯವಾರ, ಮಧ್ಯಾಹ್ನ 3

ಐದು ದಿನದಿಂದ ಮುಳ್ಳು ತೆಗೆದು ಕೊಟ್ಟಿಲ್ಲ. ಮಾವ ಸಾರು ಅನ್ನ ಉಂಡು, ಮೀನನ್ನು ಬದಿಗಿಟ್ಟು, ನನ್ನನ್ನು ನೋಡಿ ಏಳುತ್ತಾರೆ. ಮುಳ್ಳು ತೆಗೆಯಲು ಕೈ ಹೋಗುತ್ತದೆ. ಆದರೂ ಗಟ್ಟಿಯಾಗಿದ್ದೇನೆ.

ಇವರು ಮಲಗಿದ್ದಾರೆ. ಟ್ಯಾಂಕಿನ ಪಕ್ಕ ಕೂತು ಬರೆಯುತ್ತಿದ್ದೇನೆ. ಫಿಲ್ಟರಿನ ಗುಳುಗುಳು ಬಿಟ್ಟರೆ ಮನೆ ನಿಶ್ಶಬ್ದ.

ಕಟಕ್.

ಬಂಜಿಗೆ ಬೆಳಿಗ್ಗೆ ಹಾಕಿದ್ದು ಇನ್ನೂ ಉಳಿದಿತ್ತಾ?

ಕಟಕ್. ಕಟಕ್.

ನೋಡಿದರೆ ಬಂಜಿ ಮರಳಿನ ಮೇಲೆ ಹೊಟ್ಟೆ ಊರಿ ಮಲಗಿದೆ. ಬಾಯಿ ಅಲುಗುತ್ತಿಲ್ಲ. ಒಂದು ಕಣ್ಣು ಮಾತ್ರ ಅಡುಗೆಮನೆಯ ಕಡೆ.

ಶೆಲ್ಫಿನ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆದಿದೆ. ಒಳಗೆ ಏನೂ ಇಲ್ಲ.

"ಮೋಹಿನೀ..." ಒಳಗಿನಿಂದ ಮಾವ ಕರೆಯುತ್ತಿದ್ದಾರೆ. ಬಾಯಿ ತುಂಬ ಏನೋ ಇದೆ. "ಹುರಿದ ಕಡಲೆ ಇಷ್ಟೇ ಉಂಟಾ ಮಗಾ, ಬೇರೆ ಇಲ್ವಾ?"